ನಿಮಿಷಕ್ಕೆ ಮೂವತ್ತಾರು ಸುತ್ತು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಪುಕ್ಕಟೆ ಬಂದದ್ದಲ್ಲ. ಸೇಡಂ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಹೋಗಿ, ಮನೆಯಲ್ಲಿ ಯಾರಿಗೂ ಬಾರದ ಉರ್ದು ಅಕ್ಷರದಲ್ಲಿ ಭೌತಶಾಸ್ತ್ರ ಓದಿ, ಒಂದು ಸಲ ಫೇಲಾಗಿ, ಎರಡನೆಯ ಸಲಕ್ಕೆ ಪಾಸಾದೆ. ಫಲಿತಾಂಶ ತಿಳಿದ ಮರುದಿನ ಸೇಡಂ ಸ್ಟೇಷನ್ನಿನಲ್ಲಿ ಇಳಿದು, ಕಾಗಿಣಾ ಹೊಳೆಯ ದಂಡೆ ಹಿಡಿದು ಊರಿಗೆ ನಡೆದಾಗ, ಊರಬಾಗಿಲ ಅಗಸಿಯಲ್ಲಿಯೇ ಜನ ತಡೆದು ಮಾತಾಡಿಸುತ್ತಾರೆ ಅಂದುಕೊಂಡಿದ್ದೆ. ಅಗಸಿಯಲ್ಲಿ ಜನ ಇದ್ದರು. ಆದರೆ ಎಲ್ಲರ ಬೆನ್ನೂ ನನ್ನ ಕಡೆಗಿತ್ತು.

ಅಂದು ಕಾರಹುಣ್ಣಿಮೆ. ನನ್ನ ಕಾಕಾನ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ಮೂರು ವರ್ಷದಿಂದ ಯಾರೂ ಎತ್ತದಿದ್ದ ಗುಂಡುಕಲ್ಲನ್ನು ಹೆಗಲಿಗೇರಿಸಿ ನಿಂತಿದ್ದ. ಅವ್ವ ಗುಂಪಿನಿಂದ ಹೊರಗೆ ಬಂದು ನನ್ನ ಕೈಯ ಟ್ರಂಕು ಇಸಿದುಕೊಂಡಳು.

"ಬಂದ್ಯಾ? ಪಾಸಾದ್ಯಾ?"

"ಆದೆ."

"ಚಲೋ ಆಯ್ತು. ತಮ್ಮ ಗುಂಡು ಎತ್ಯಾನ, ನೋಡಿದಿ ಇಲ್ಲ?"

ನೋಡಿದೆ. ಇಂದಿಗೂ ಕಣ್ಣು ಮುಚ್ಚಿದರೆ ನೋಡುತ್ತೇನೆ.

ನಮ್ಮ ಊರಿನಲ್ಲಿ ಗುಂಡು ಎತ್ತುವವರು ಸುಮ್ಮನೆ ಹೋಗಿ ಕಲ್ಲಿಗೆ ಕೈ ಹಾಕುವುದಿಲ್ಲ. ತಾಯಿ ಉಟ್ಟು ಸವೆದ ಸೀರೆಯನ್ನು ಹರಿದು, ಎರಡು ತುಂಡನ್ನು ತೊಡೆಗಳಿಗೆ ಸುತ್ತಿ, ಉಳಿದ ಉದ್ದ ತುಂಡನ್ನು ಹೊಟ್ಟೆಗೆ ಕಟ್ಟುತ್ತಾರೆ. ಹೊಟ್ಟೆಯ ಕಟ್ಟು ತಾನೇ ಸುತ್ತಿಕೊಂಡರೆ ಬಿಗಿ ಬರುವುದಿಲ್ಲ. ಒಂದು ತುದಿಯನ್ನು ಅಣ್ಣನಾದವನು ಎರಡು ಕೈಯಿಂದ ಜಗ್ಗಿ ಹಿಡಿದು ನಿಲ್ಲಬೇಕು; ಸಣ್ಣವರಿದ್ದಾಗ ತಮ್ಮನಿಗೆ ಜಗ್ಗುತ್ತಿದ್ದವನು ನಾನೇ. ಎತ್ತುವವನು ತಾನೇ ಗಿರ್ರನೆ ತಿರುಗುತ್ತ ಸೀರೆಯೊಳಗೆ ಬರಬೇಕು. ಆಮೇಲೆ ಉಸಿರು ಕಟ್ಟಿ, ಹೊಟ್ಟೆಯಿಂದ "ಹುಂ" ಎಂದು ಒತ್ತಿ ಎತ್ತಬೇಕು. ತಮ್ಮನ ತಾಯಿ, ನಮ್ಮ ಕಾಕಿ, ಅವನು ಕೂಸಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಅವ್ವ ತನ್ನ ಹಸಿರು ಸೀರೆಯನ್ನೇ ಅವನಿಗೆ ಹರಿದುಕೊಟ್ಟಿದ್ದಳು. ನಾನು ಕೂಸಿದ್ದಾಗ ನನಗೆ ತೂಗುವ ಜೋಳಿಗೆ ಕಟ್ಟಿದ್ದು ಅದೇ ಸೀರೆ. ನಾನು ಗುಂಡು ಎತ್ತುವವನಲ್ಲ, ನನಗೆ ಅದರ ಕೆಲಸವಿರಲಿಲ್ಲ. ಆದರೂ ಒಂದು ಮಾತು ನನ್ನನ್ನು ಕೇಳಬಹುದಿತ್ತು.

ನಾನು ಚಿತ್ತಾಪುರದ ಮಿಡಲ್ ಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ತಮ್ಮ ಶಹಾಬಾದಿನ ಖಣಿಯಲ್ಲಿ ಫರಸಿ ಕಲ್ಲು ಹೊರುವ ಹಮಾಲನಾದ. ಇಲ್ಲಿಗೆ ನಮ್ಮ ಲೆಕ್ಕ ಮುಗಿಯಿತು, ನಾನು ಮೇಲೆ ಅವನು ಕೆಳಗೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆಗ ದೊಡ್ಡ ಯುದ್ಧ ನಡೆದಿತ್ತು. ಒಂದು ಬೇಸಿಗೆ ರಜೆಗೆ ಮುಂಚೆ ಹೆಡ್ ಮಾಸ್ತರರು ನನ್ನನ್ನು ಕರೆದು, ಹೈದರಾಬಾದಿನಿಂದ ಫೌಜಿನ ಡಾಕ್ಟರ್ ಸಾಹೇಬರೊಬ್ಬರು ಶಹಾಬಾದಿಗೆ ಬಂದಿದ್ದಾರೆ, ಲೆಕ್ಕ ಬಲ್ಲ, ಉರ್ದು ಕನ್ನಡ ಎರಡೂ ಬಲ್ಲ ಒಬ್ಬ ಪದವೀಧರ ಬೇಕಂತೆ, ಹೋಗಿ ಎಂದರು. ಪದವೀಧರ ಎಂಬ ಶಬ್ದವನ್ನು ಅವರು ಎರಡು ಸಲ ಹೇಳಿದರು. ನಾನು ಇಸ್ತ್ರಿ ಮಾಡಿದ ಪ್ಯಾಂಟು, ಶೇರವಾನಿ ಹಾಕಿಕೊಂಡು ಹೋದೆ.

ಡಾಕ್ಟರ್ ಸಾಹೇಬರು ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಖಣಿಯೊಳಗೆ ವಿಚಿತ್ರವಾದ ಯಂತ್ರ ಮಾಡಿಸಿದ್ದರು. ನೆಲದಲ್ಲಿ ನಿಲ್ಲಿಸಿದ ಕಬ್ಬಿಣದ ಕಂಬ. ಅದರ ಮೇಲೆ ಅಡ್ಡ ಒಂದು ಉದ್ದನೆಯ ತೊಲೆ. ತೊಲೆಯ ಒಂದು ತುದಿಗೆ ತೊಟ್ಟಿಲಂತೆ ತೂಗುವ ಕುರ್ಚಿ, ಇನ್ನೊಂದು ತುದಿಗೆ ಕೂತವನ ತೂಕಕ್ಕೆ ಸರಿಯಾಗಿ ಕಟ್ಟಿದ ಫರಸಿಗಳು. ಖಣಿಯ ನೀರು ಎತ್ತುವ ಇಂಜಿನ್ನಿನ ಪಟ್ಟಾ ಹಾಕಿದರೆ ತೊಲೆ ತಿರುಗುತ್ತಿತ್ತು. ಸುತ್ತಲೂ ಕಲ್ಲಿನ ಗೋಡೆ ಇದ್ದದ್ದರಿಂದ, ಏನಾದರೂ ಕಿತ್ತು ಹಾರಿದರೆ ಹೊರಗಿನವರಿಗೆ ಭಯವಿರಲಿಲ್ಲ. ಒಳಗಿನವರಿಗಿತ್ತು.

ಅವರ ಮಾತೆಲ್ಲ ದಖನಿ ಉರ್ದು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. "ಮಾಸ್ಟರ್, ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ಗಿರಗಿರ ತಿರುಗಿಸಿದರೆ ನೀರು ಚೆಲ್ಲುತ್ತದೆಯೇ?" ಎಂದು ಕೇಳಿದರು.

"ಇಲ್ಲ ಸಾಹೇಬ್. ತಳಕ್ಕೆ ಒತ್ತಿಕೊಳ್ಳುತ್ತದೆ."

"ಮನುಷ್ಯನೂ ಒಂದು ಚೊಂಬು. ವಿಮಾನ ರಭಸದಿಂದ ಕೆಳಗಿಳಿದು ಒಮ್ಮೆಲೇ ಮೇಲಕ್ಕೆ ತಿರುಗಿದರೆ, ನಡೆಸುವವನ ರಕ್ತವೆಲ್ಲ ಕಾಲಿಗಿಳಿಯುತ್ತದೆ. ಕಣ್ಣಿಗೆ ಕತ್ತಲೆ ಬರುತ್ತದೆ. ಎಷ್ಟು ಭಾರಕ್ಕೆ ಬರುತ್ತದೆ, ಅದು ನನಗೆ ಬೇಕು."

ಅಳತೆಯ ಕ್ರಮ ಸುಲಭವಾಗಿತ್ತು. ಕುರ್ಚಿಯಲ್ಲಿ ಕೂತವನ ಎದುರಿಗೆ ತೊಲೆಯ ಮೇಲೆ ಒಂದು ಸಣ್ಣ ಬ್ಯಾಟರಿ ದೀಪ. ಕೈಗೆ ಸಿಗುವಂತೆ ಸೈಕಲ್ಲಿನ ಗಂಟೆ. ದೀಪ ಕಾಣುವವರೆಗೆ ಗಂಟೆ ಬಾರಿಸುತ್ತಲೇ ಇರಬೇಕು. ದೀಪ ಕಾಣದಾದಾಗ ಕೈ ಬಿಡಬೇಕು. ಗಂಟೆ ನಿಂತ ಕೂಡಲೇ ಇಂಜಿನ್ನಿನವನು ಪಟ್ಟಾ ತಪ್ಪಿಸುತ್ತಿದ್ದ. ಆ ಹೊತ್ತಿಗೆ ತೊಲೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು ಎಂದು ನಾನು ಗಡಿಯಾರ ಹಿಡಿದು ಎಣಿಸಿ, ತೊಲೆಯ ಉದ್ದ ಸೇರಿಸಿ ಲೆಕ್ಕ ಮಾಡಿ, ಅವನ ಮೈಮೇಲೆ ಅವನದೇ ತೂಕದ ಎಷ್ಟು ಪಟ್ಟು ಭಾರ ಬಿದ್ದಿತ್ತು ಎಂದು ವಹಿಯಲ್ಲಿ ಬರೆಯಬೇಕು. ಆ ಲೆಕ್ಕ ಬರುತ್ತಿದ್ದದ್ದು ಸಾಹೇಬರಿಗೆ ಮತ್ತು ನನಗೆ ಮಾತ್ರ.

ಮೊದಲ ದಿನವೇ ಅವರು ಇನ್ನೊಂದು ಮಾತು ಹೇಳಿದರು. ಎಲ್ಲರ ಅಳತೆ ಮುಗಿದ ಮೇಲೆ, ಹೆಚ್ಚು ತಾಳಿದವನೊಬ್ಬನನ್ನು ಹೈದರಾಬಾದಿನ ವಿಮಾನ ಮೈದಾನಕ್ಕೆ ಕರೆದೊಯ್ದು, ನಿಜವಾದ ವಿಮಾನದಲ್ಲಿ ಕೂರಿಸಿ, ನೆಲದ ಅಳತೆ ಆಕಾಶದಲ್ಲಿಯೂ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಒಬ್ಬನೇ. ಒಂದೇ ಸೀಟು.

ಆ ಸೀಟು ನನ್ನದು ಎಂದು ನಾನು ಅಲ್ಲಿಯೇ ನಿಶ್ಚಯಿಸಿದೆ. ಮನೆತನದ ಮೊದಲ ಪದವೀಧರ, ತಾಲ್ಲೂಕಿನಿಂದ ಆಕಾಶಕ್ಕೆ ಏರಿದ ಮೊದಲನೆಯವನು. ಆ ದಿನ ಊರಿಗೆ ಬಂದರೆ ಅಗಸಿಯಲ್ಲಿ ಜನ ಯಾವ ಕಡೆ ಮುಖ ಮಾಡಿ ನಿಲ್ಲುತ್ತಾರೆ ನೋಡೋಣ.

ಮೊದಲ ಸಲ ನಾನು ಕೂತಾಗ ಇಪ್ಪತ್ತೊಂಬತ್ತು ಸುತ್ತಿಗೆ ದೀಪ ಹೋಯಿತು. ಆರಿದಂತೆ ಅಲ್ಲ, ಮೊದಲು ಬಣ್ಣ ಹೋಗಿ ಬೂದಿಯಾಯಿತು, ಆಮೇಲೆ ಸುತ್ತಲಿನಿಂದ ಕತ್ತಲೆ ಒಳಕ್ಕೆ ಸರಿದು ಬಂತು. ಕೆನ್ನೆ ಜೋತುಬಿದ್ದು, ಕೈ ಎತ್ತಿದರೆ ಯಾರದೋ ಕೈ ಎನ್ನಿಸಿತು. ಖಣಿಯ ಹಮಾಲರು ಸರದಿಯ ಮೇಲೆ ಕೂತರು. ಒಬ್ಬನದು ಇಪ್ಪತ್ತೇಳು, ಇನ್ನೊಬ್ಬನದು ಮೂವತ್ತು, ಮತ್ತೊಬ್ಬನದು ಮೂವತ್ತೊಂದು. ನಾನು ತಲೆ ಓಡಿಸಿದೆ. ಎದೆಯಿಂದ ಕಣ್ಣಿಗೆ ರಕ್ತ ಏರಬೇಕಾದ ದಾರಿ ಗಿಡ್ಡಾದರೆ ಕತ್ತಲೆ ತಡವಾಗಬೇಕಲ್ಲ? ಮುಂದಕ್ಕೆ ಬಾಗಿ ಕೂತೆ. ಮೂವತ್ತೆರಡು. ನಾಲ್ಕು ಪಟ್ಟಿಗಿಂತ ಹೆಚ್ಚು. ಸಾಹೇಬರು ಹುಬ್ಬು ಏರಿಸಿ, "ಓದಿದವನು ಓದಿದವನೇ" ಎಂದರು. ಹತ್ತು ದಿನ ನನ್ನನ್ನು ದಾಟಿದವರಿಲ್ಲ. ಹತ್ತು ದಿನ ಊಟ ರುಚಿಯಾಗಿತ್ತು.

ಹನ್ನೊಂದನೆಯ ದಿನ ತಮ್ಮ ಬಂದ. ಅವನ ಖಣಿ ಬೇರೆ. ಸುದ್ದಿ ಕೇಳಿ ಬಂದಿದ್ದ. ನನ್ನ ಶೇರವಾನಿಯ ತೋಳಿಗೆ ಹತ್ತಿದ್ದ ಧೂಳು ಜಾಡಿಸಿ, ನಕ್ಕ.

"ಅಣ್ಣ, ನೀ ಮಂದೀನ ಗಾಣದ ಎತ್ತಿನಂಗ ತಿರುಗಿಸಲಿಕತ್ತೀದಿ ಅಂತ ಖಣಿ ತುಂಬ ಮಾತದ. ನಾನೂ ಕುಂದ್ರಲೇನು?"

"ಇದು ಆಟ ಅಲ್ಲ. ತಲಿ ತಿರುಗಿ ಬೀಳ್ತಿ."

"ಬಿದ್ರ ನೀ ಇದ್ದೀಯಲ್ಲ ಹಿಡೀಲಿಕ್ಕ."

ಕೂತ. ಮೂವತ್ತಕ್ಕೆ ಗಂಟೆ ನಿಂತಿತು. ನನಗಿಂತ ಎರಡು ಕಡಿಮೆ. ಬರೆಯುವಾಗ ನನ್ನ ಅಕ್ಷರ ದುಂಡಗೆ ಬಂದದ್ದು ವಹಿ ನೋಡಿದವರಿಗೆ ಇಂದಿಗೂ ಕಾಣುತ್ತದೆ.

ಇಳಿದವನು ಸುಮ್ಮನಿರಲಿಲ್ಲ. "ಅಣ್ಣ, ಇದು ತಲಿ ತಿರುಗೋದಲ್ಲ. ಗುಂಡು ಎತ್ತುವಾಗ ಆಗ್ತದಲ್ಲ, ಹೊಟ್ಟಿ ಕೆಳಗ ಜಾರಿದಂಗ, ಹಂಗ ಆಯ್ತು. ನಾಳಿ ಕಟ್ಟಿಕೊಂಡು ಬರ್ತೀನಿ. ನೀ ಜರಾ ಜಗ್ಗಿ ಹಿಡಿ."

"ನಂಗ ಕೆಲಸದ. ನಾ ಹಿಡಿಯಂಗಿಲ್ಲ," ಎಂದೆ.

ಮರುದಿನ ಜೊತೆಯ ಹಮಾಲನಿಂದ ಜಗ್ಗಿಸಿಕೊಂಡು ಬಂದ. ಧೋತರದ ಕೆಳಗಿದ್ದದ್ದು ಸಾಹೇಬರಿಗೆ ಕಾಣಲಿಲ್ಲ. ನನಗೆ ಕಂಡಿತು, ಸೊಂಟದ ಹತ್ತಿರ ಹಸಿರು ಅಂಚು ಇಣುಕುತ್ತಿತ್ತು. ತೊಲೆ ತಿರುಗತೊಡಗಿತು. ಮೂವತ್ತು. ಗಂಟೆ ಕೇಳುತ್ತಲೇ ಇತ್ತು. ಅದರ ನಡುನಡುವೆ ಕುರ್ಚಿಯಿಂದ "ಹುಂ... ಹುಂ..." ಎಂಬ ಸದ್ದು. ಮೂವತ್ತೆರಡು. ನಿಲ್ಲು ಎಂದು ನಾನು ಮನಸ್ಸಿನಲ್ಲಿಯೇ ಗಂಟೆಗೆ ಹೇಳಿದೆ. ಮೂವತ್ನಾಲ್ಕು. ಮೂವತ್ತಾರಕ್ಕೆ ಸಾಹೇಬರೇ ಹೆದರಿ ಕೈ ಎತ್ತಿ ನಿಲ್ಲಿಸಿದರು. ಗಂಟೆ ಆಗಲೂ ಕೇಳುತ್ತಿತ್ತು. ಐದು ಪಟ್ಟು ದಾಟಿತ್ತು. ಒಬ್ಬನ ಮೇಲೆ ಅವನಂಥ ನಾಲ್ವರು ಕೂತಂತೆ.

ಹಮಾಲರು ಅವನನ್ನು ಹೆಗಲ ಮೇಲೆ ಹೊತ್ತರು. ಮತ್ತೆ ಅದೇ ಬೆನ್ನುಗಳು.

ನಾನು ವಹಿ ತೆಗೆದು ಅಂಕಿ ಬರೆದೆ. ಸುಳ್ಳು ಬರೆಯಲಿಲ್ಲ. ಮೂವತ್ಮೂರು ಎಂದು ಬರೆಯಲು ಕೈ ಹೋಗಿತ್ತು ಎಂಬುದನ್ನು ಮುಚ್ಚಿಡುವುದೂ ಇಲ್ಲ. ಆದರೆ ಗಡಿಯಾರ ಸಾಹೇಬರ ಕೈಯಲ್ಲೂ ಇತ್ತು. ಅದಕ್ಕೆ ಬೇರೆ ದಾರಿ ಹಿಡಿದೆ. ಅಂಕಿಯ ಪಕ್ಕದಲ್ಲಿ, ಷರಾ ಬರೆಯುವ ಜಾಗದಲ್ಲಿ, ಚೆಂದದ ಉರ್ದುವಿನಲ್ಲಿ ಬರೆದೆ: ಈ ಮನುಷ್ಯ ತೊಡೆಗೆ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡಿದ್ದ, ಉಸಿರು ಕಟ್ಟಿ ಒತ್ತುತ್ತಿದ್ದ, ಇದು ಸಹಜ ದೇಹದ ಅಳತೆಯಲ್ಲ, ಲೆಕ್ಕಕ್ಕೆ ಹಿಡಿಯಬಾರದು.

ಮಧ್ಯಾಹ್ನ ಸಾಹೇಬರು ಚಹಾ ಕುಡಿಯುತ್ತ ವಹಿ ತಿರುವಿದರು. ಆ ಸಾಲಿನ ಹತ್ತಿರ ಬೆರಳು ನಿಂತಿತು. "ಇದು ನಿಜವೇ?"

"ನಿಜ ಸಾಹೇಬ್. ನಾನೇ ನೋಡಿದೆ. ಮೋಸ."

ಅವರು ಕಪ್ಪು ಬಿಟ್ಟು ಎದ್ದರು. ಕಲ್ಲಿನ ನೆರಳಲ್ಲಿ ರೊಟ್ಟಿ ತಿನ್ನುತ್ತ ತಮ್ಮ ಕೂತಿದ್ದ. ಅವನನ್ನು ಎಬ್ಬಿಸಿ, ಸೀರೆಯ ತುಂಡು ಬಿಚ್ಚಿಸಿ, ಅಗಲ ಉದ್ದ ಅಳೆದರು, ಎಷ್ಟು ಸುತ್ತು ಎಂದು ಎಣಿಸಿದರು, ಯಾರ ಸೀರೆ ಎಂದು ಕೇಳಿದರು. ಬೈಗುಳಕ್ಕೆ ಕಾಯುತ್ತ ನಾನು ಹಿಂದೆ ನಿಂತಿದ್ದೆ. ಸಾಹೇಬರು ತಿರುಗಿ ನನ್ನ ಎರಡೂ ಭುಜ ಹಿಡಿದರು.

"ಶಾಬಾಶ್ ಮಾಸ್ಟರ್. ನೀವು ಬರೆಯದಿದ್ದರೆ ನನ್ನ ಕಣ್ಣಿಗೆ ಇದು ಬೀಳುತ್ತಲೇ ಇರಲಿಲ್ಲ. ರಕ್ತ ಕೆಳಗಿಳಿಯದಂತೆ ಹೊಟ್ಟೆ ತೊಡೆ ಬಿಗಿಯುವ ರಬ್ಬರಿನ ಪೋಷಾಕು ಹೊಲಿಯಲು ಸಮುದ್ರದಾಚೆ ಒದ್ದಾಡುತ್ತಿದ್ದಾರೆ ಎಂದು ಕೇಳಿದ್ದೇನೆ. ಇವನು ತಾಯಿಯ ಸೀರೆಯಿಂದ ಮಾಡಿದ್ದಾನೆ."

ತಮ್ಮನಿಗೆ ದಖನಿ ಅರ್ಧ ತಿಳಿಯುತ್ತಿತ್ತು. "ಏನಂತಾರ ಅಣ್ಣ?" ಎಂದ. ಸಾಹೇಬರು ಖುಷಿಯಾಗಿದ್ದಾರೆ ಎಂದೆ. ಪಕ್ಕದ ಹಮಾಲ ಪೂರ್ತಿ ಹೇಳಿಬಿಟ್ಟ. ಆಗ ತಮ್ಮ ನನ್ನ ಕಡೆ ನೋಡಿದ ನೋಟ ಮರೆಯಲಾರೆ. ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮಣ್ಣ ನೋಡಿ ಬರದಾನ್ರಿ, ಅದಕ್ಕ ಗೊತ್ತಾಯ್ತು. ಇಲ್ಲಂದ್ರ ನಾ ಹಮಾಲ, ನನ್ನ ಮಾತು ಯಾರ್ ಕೇಳ್ತಿದ್ರು?"

ಅವನು ಬೈದಿದ್ದರೆ ಚೆನ್ನಾಗಿತ್ತು.

ಸಾಹೇಬರು ನ್ಯಾಯದ ಮನುಷ್ಯ. ಎಲ್ಲರನ್ನೂ ಕಟ್ಟಿ ಮತ್ತೆ ಅಳೆಯೋಣ ಎಂದರು. ಸೀಟಿನ ಮಾತು ಆಮೇಲೆ. ನನಗೆ ಮತ್ತೆ ಜೀವ ಬಂತು. ಬಾಗುವ ಉಪಾಯ ನನ್ನದು, ಕಟ್ಟು ಅವನದು. ಎರಡೂ ಸೇರಿದರೆ ನನ್ನನ್ನು ಹಿಡಿಯುವವರಾರು?

ಕಟ್ಟಲು ತಮ್ಮನೇ ಬಂದ. "ಪ್ಯಾಂಟು ಬಿಚ್ಚು ಅಣ್ಣ. ಅರಬಿ ಮ್ಯಾಲ ಕಟ್ಟಿದ್ರ ಜಾರ್ತದ."

ಸುತ್ತಲೂ ಮೂವತ್ತು ಜನ ನಿಂತಿದ್ದರು. ಅವರಲ್ಲಿ ಒಬ್ಬನ ಮಗ ನನ್ನ ಶಾಲೆಯಲ್ಲಿ ಓದುತ್ತಿದ್ದ. ಆ ಪ್ಯಾಂಟು ಹಾಕಿಕೊಳ್ಳಲು ನಾನು ಎಷ್ಟು ವರ್ಷ ಓದಿದ್ದೆ ಎಂದು ಅವರಿಗೆ ಗೊತ್ತಿಲ್ಲ. "ಮ್ಯಾಲೇ ಕಟ್ಟು," ಎಂದೆ. ಅವನು ತಲೆ ಅಲ್ಲಾಡಿಸಿ, ತುದಿ ಹಿಡಿದು, ಹಿಂದಕ್ಕೆ ವಾಲಿ ಜಗ್ಗಿದ. ನಾನು ತಿರುಗಿದೆ. ಅವ್ವನ ಸೀರೆ ಇಪ್ಪತ್ತು ವರ್ಷದ ಮೇಲೆ ನನ್ನ ಮೈಗೆ ಬಂತು. ಅದರಲ್ಲಿ ಈಗ ತಮ್ಮನ ಬೆವರಿನ ವಾಸನೆ ಇತ್ತು.

"ಮೂವತ್ತು ಆದ ಮ್ಯಾಲ ಹುಂ ಅನ್ನು. ನಾಚಿಕಿ ಮಾಡಬ್ಯಾಡ. ಬಾಯಿಲಿಂದ ಅಲ್ಲ, ಹೊಟ್ಟಿಲಿಂದ."

ತೊಲೆ ಓಡಿತು. ಮೂವತ್ತೆರಡರಲ್ಲಿ ದೀಪ ಕೆಂಪಗೆ, ಸ್ಪಷ್ಟವಾಗಿ ಇತ್ತು. ಮೂವತ್ಮೂರಕ್ಕೆ ಬಣ್ಣ ಕಳೆಯಿತು. ಪ್ಯಾಂಟಿನ ಮೇಲೆ ಕಟ್ಟು ಜಾರುತ್ತಿರುವುದು ತಿಳಿಯಿತು. ಒಂದೊಂದು ಸುತ್ತಿಗೂ ತಮ್ಮನ ಕೂಗು ಹತ್ತಿರ ಬಂದು ದೂರ ಹೋಗುತ್ತಿತ್ತು: "ಹುಂ ಅನ್ನು ಅಣ್ಣ... ಹುಂ ಅನ್ನು..." ಅನ್ನಬಹುದಿತ್ತು. ಆ ಒಂದು ಸದ್ದಿನಲ್ಲಿ ಆಕಾಶವಿತ್ತು. ಆದರೆ ಅದು ಹಮಾಲನ ಸದ್ದು, ನಮ್ಮ ಅಪ್ಪ ಚೀಲ ಹೊರುವಾಗ ಮಾಡುತ್ತಿದ್ದ ಸದ್ದು, ಅದರಿಂದ ಪಾರಾಗಲೆಂದೇ ನಾನು ಓದಿದ್ದು. ತುಟಿ ಬಿಗಿಹಿಡಿದೆ. ಮೂವತ್ನಾಲ್ಕಕ್ಕೆ ದೀಪ ಹೋಯಿತು, ಬೆರಳು ಗಂಟೆಯಿಂದ ಜಾರಿತು.

ಕಟ್ಟಿಕೊಂಡು ಕೂತ ಉಳಿದವರಾರೂ ಮೂವತ್ನಾಲ್ಕು ಮುಟ್ಟಲಿಲ್ಲ. ಸೀಟು ತಮ್ಮನದಾಯಿತು. ಅವನು ಒಂದೇ ಷರತ್ತು ಹಾಕಿದ. "ನಮ್ಮಣ್ಣ ಬರಬೇಕ್ರಿ, ಜಗ್ಗಲಿಕ್ಕ. ಊರಾಗ ಯಾವಾಗಲೂ ಅವನೇ ಜಗ್ಗತಿದ್ದ. ಅವನ ಬಿಗಿ ಬ್ಯಾರೆ ಯಾರಿಗೂ ಬರಂಗಿಲ್ಲ." ಹೀಗೆ ಪದವೀಧರನಾದ ನಾನು ಹಮಾಲನ ನಡ ಕಟ್ಟುವವನಾಗಿ ವಾಡಿಯಲ್ಲಿ ಹೈದರಾಬಾದಿನ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಅವನು ಕಿಟಕಿಯಿಂದ ತಲೆ ಒಳಗೆ ತೆಗೆಯಲಿಲ್ಲ. ಸೇಡಂ ಬಂದಾಗ, "ಅಣ್ಣ, ಅವ್ವಗ ಹೇಳಿ ಬರಬೇಕಿತ್ತು," ಎಂದ. ಅವ್ವ ಎಂದರೆ ನನ್ನ ಅವ್ವ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ವಿಮಾನ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು. ಮುಂದೊಂದು ಸೀಟು, ಹಿಂದೊಂದು. ಇಂಜಿನ್ನಿನ ಸದ್ದಿಗೆ ಗಂಟೆ ಕೇಳುವುದಿಲ್ಲವಾದ್ದರಿಂದ, ಕಣ್ಣು ಕಾಣುವವರೆಗೆ ಬೆರಳು ಎತ್ತಿ ಹಿಡಿಯಬೇಕು, ನಡೆಸುವವನು ಕನ್ನಡಿಯಲ್ಲಿ ನೋಡುತ್ತಾನೆ ಎಂದು ಹೇಳಿಕೊಟ್ಟರು. ತಗಡಿನ ಶೆಡ್ಡಿನ ನೆರಳಿಗೆ ತಮ್ಮ ಬಂದು, ತೊಡೆಗೆ ಎರಡು ತುಂಡು ಸುತ್ತಿಕೊಂಡು, ಉದ್ದ ತುಂಡಿನ ತುದಿಯನ್ನು ನನ್ನ ಕೈಗಿಟ್ಟ. ನನಗೆ ಬೆನ್ನು ತಿರುಗಿಸಿ ನಿಂತ.

ನಾನು ಸಡಿಲಾಗಿ ಹಿಡಿದೆ.

ಯೋಚಿಸಿಯೇ ಹಿಡಿದೆ. ಸಡಿಲಾದರೆ ಮೇಲೆ ಅವನ ಬೆರಳು ಇಳಿಯುತ್ತದೆ. ಕಣ್ಣಿಗೆ ಒಂದು ಗಳಿಗೆ ಕತ್ತಲೆ, ಜೀವಕ್ಕೇನೂ ಅಪಾಯವಿಲ್ಲ. ಆಮೇಲೆ ಸಾಹೇಬರು ವಹಿಯಲ್ಲಿ ಮುಂದಿನ ಹೆಸರು ಹುಡುಕುತ್ತಾರೆ. ಮುಂದಿನ ಹೆಸರು ನನ್ನದು.

ಅವನು ಒಂದು ಸುತ್ತು ತಿರುಗಿ ನಿಂತ. ಹಿಂದೆ ನೋಡಲಿಲ್ಲ. "ಅಣ್ಣ, ಇನ್ನ ಜಗ್ಗು. ಸಣ್ಣವರಿದ್ದಾಗ ಜಗ್ಗತಿದ್ಯಲ್ಲ, ನನ್ನ ಮ್ಯಾಲ ಸಿಟ್ಟಿದ್ದಾಗ, ಹಂಗ."

ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಆಗ ಜಗ್ಗಿದೆ. ಹಿಮ್ಮಡಿ ನೆಲಕ್ಕೆ ಊರಿ, ಮೈ ಹಿಂದಕ್ಕೆ ಎಸೆದು, ಅಗಸಿಯಲ್ಲಿ ಕಂಡ ಬೆನ್ನುಗಳನ್ನೆಲ್ಲ, ಅವ್ವ ಕೇಳಿದ ಆ ಒಂದು ಮಾತನ್ನೂ ಸೇರಿಸಿ ಜಗ್ಗಿದೆ. ಅದರಲ್ಲಿ ಪ್ರೀತಿ ಇತ್ತು ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಅವನು ತಿರುಗುತ್ತ ತಿರುಗುತ್ತ ನನ್ನ ಎದೆಯ ಹತ್ತಿರ ಬಂದು ನಿಂತ. "ಸಾಕು ಮಾರಾಯ, ಕರುಳು ಬಾಯಿಗೆ ಬರ್ತದ," ಎಂದು ನಕ್ಕ. ಅಷ್ಟು ಬಿಗಿಯಾದ ಕಟ್ಟು ನಾನು ಅದಕ್ಕೆ ಮುಂಚೆ ಕಟ್ಟಿರಲಿಲ್ಲ.

ವಿಮಾನ ಏರಿ, ದೂರಕ್ಕೆ ಹೋಗಿ, ಮೂಗು ಕೆಳಗೆ ಮಾಡಿ ಬಿತ್ತು. ಆಮೇಲೆ ಮೇಲಕ್ಕೆ ತಿರುಗಿತು. ಮೂರು ಸಲ. ಕೆಳಗೆ ನಿಂತ ನನ್ನ ಕೈಯಲ್ಲಿ ವಹಿ ಇತ್ತು. ಇಳಿದ ಮೇಲೆ ನಡೆಸಿದವನು, ಭಾರ ತೋರಿಸುವ ಮುಳ್ಳು ಮೂರು ಸಲವೂ ಐದು ದಾಟಿತು, ಹಿಂದಿನವನ ಬೆರಳು ಒಮ್ಮೆಯೂ ಇಳಿಯಲಿಲ್ಲ, ತನ್ನ ಕಣ್ಣೇ ಎರಡು ಸಲ ಮಂಜಾಯಿತು ಎಂದ. ಸಾಹೇಬರು ಹುಡುಗನಂತೆ ಕುಣಿದರು. ತಮ್ಮ ಇಳಿದು, ನಾಲ್ಕು ಹೆಜ್ಜೆ ಬಂದು, ನನ್ನ ಪಾಲಿಶ್ ಮಾಡಿದ ಬೂಟಿನ ಮೇಲೆ ಬೆಳಗಿನ ಉಪ್ಪಿಟ್ಟು ಕಾರಿದ. ಬಾಯಿ ಒರೆಸಿಕೊಂಡು ಅಲ್ಲಿಯೇ ಕೂತ.

"ಹ್ಯಾಂಗಿತ್ತು?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

ಹೊಟ್ಟೆಯ ಕಟ್ಟು ಸಡಿಲಿಸಿಕೊಂಡ. "ಗುಂಡು ಎತ್ತಿದಂಗೇ ಇತ್ತು, ಅಣ್ಣ. ಆದ್ರ ಆ ಗುಂಡು ನಾನೇ ಇದ್ದೆ."

ಇಷ್ಟು ವರ್ಷ ಭೌತಶಾಸ್ತ್ರ ಓದಿ, ಅದನ್ನೇ ಪಾಠ ಹೇಳಿ, ಬೇಸಿಗೆಯೆಲ್ಲ ಅದೇ ಲೆಕ್ಕ ಮಾಡಿದ ನನಗೆ ಈ ಮಾತು ಹೊಳೆದಿರಲಿಲ್ಲ. ಸೀಟಿಗಿಂತ, ಸೀರೆಗಿಂತ ಹೆಚ್ಚು ಹೊಟ್ಟೆಕಿಚ್ಚು ನನಗಾದದ್ದು ಆ ಮಾತಿಗೆ.

ಸಾಹೇಬರು ಪೆನ್ನು ಹಿಡಿದು ನನ್ನ ಹತ್ತಿರ ಬಂದರು. "ಏನೆಂದ, ಮಾಸ್ಟರ್? ಅವನ ಮಾತಿನಲ್ಲಿಯೇ ಹೇಳಿ, ವರದಿಗೆ ಬೇಕು."

"ಬಹಳ ಭಾರ ಅನಿಸಿತಂತೆ ಸಾಹೇಬ್," ಎಂದೆ.

ಅವರು ಅದನ್ನೇ ಬರೆದುಕೊಂಡರು.